ಚಡ್ಡಿಯ ಕೀರ್ತಿ ಟವೆಲಿನ ಪಾಲು

ಮೊದಲನೇ ಸುತ್ತಿಗೇ ಇಳಿಯದ ಮನುಷ್ಯ ತನ್ನ ಕಂಪನಿಗೆ 'ಸೆಕೆಂಡ್ ರೌಂಡ್' ಎಂದು ಹೆಸರಿಟ್ಟ ಅಂದಾಗ ಐರ್ಲೆಂಡಿನ ಅತ್ಲೋನ್ ಊರಿನವರು ನಂಬಲಿಲ್ಲ. ಅಂಗಡಿಯ ಬೋರ್ಡು ಬದಲಾದ ಮೇಲೆ ನಂಬಲೇಬೇಕಾಯಿತು. ನಲವತ್ತು ವರ್ಷ 'ಗ್ರೆನನ್: ಮಕ್ಕಳ ಮೊದಲ ಕಮ್ಯೂನಿಯನ್ ಉಡುಪುಗಳು' ಎಂದಿದ್ದ ಜಾಗದಲ್ಲಿ ಈಗ 'ಸೆಕೆಂಡ್ ರೌಂಡ್: ಪಂಜರದ ಕಾದಾಟಕ್ಕೆ ಗಂಡು ಚಡ್ಡಿಗಳು' ಎಂದು ಬರೆದಿತ್ತು. ಕಿಟಕಿಯ ಗೊಂಬೆಯನ್ನು ಮಾತ್ರ ಬದಲಾಯಿಸಿರಲಿಲ್ಲ. ಅದು ಚರ್ಚಿನಲ್ಲಿ ಮೊದಲ ಸಲ ಪವಿತ್ರ ಪ್ರಸಾದ ಪಡೆಯುವ ಏಳು ವರ್ಷದ ಹುಡುಗಿಯ ಅಳತೆಯದು. ತಲೆಗೆ ಬಿಳಿ ಮುಸುಕು, ಕೈಗೆ ಜಪಮಾಲೆ, ಸೊಂಟಕ್ಕೆ ಕರಿ ಚಡ್ಡಿ. ಅದನ್ನು ನೋಡಿ ಇಬ್ಬರು ಮುದುಕಿಯರು ಶಿಲುಬೆಯ ಗುರುತು ಹಾಕಿಕೊಂಡರು. ಮೂರನೆಯವಳು ಒಳಗೆ ಬಂದು, ತನ್ನ ಮೊಮ್ಮಗಳ ಅಳತೆಯದು ಇದೆಯೇ ಎಂದು ಕೇಳಿದಳು.

ಕೋಲ್ಮನ್ ಗ್ರೆನನ್‌ನಿಗೆ ಐವತ್ಮೂರು ವರ್ಷ. ಮದುವೆಯಾಗಿಲ್ಲ. ಬಸ್ಸಿನಲ್ಲಿ ಯಾರಾದರೂ ಅವನ ಕಾಲು ತುಳಿದರೆ, ಕಾಲು ಅಲ್ಲಿಟ್ಟದ್ದಕ್ಕೆ ಅವನೇ ಕ್ಷಮೆ ಕೇಳುವ ಜಾತಿ. ಇಂಥವನು ಮಿಕ್ಸೆಡ್ ಮಾರ್ಷಲ್ ಆರ್ಟ್ಸ್‌ನವರಿಗೆ, ಅಂದರೆ ಒದೆ, ಗುದ್ದು, ಕತ್ತು ಹಿಡಿ, ನೆಲಕ್ಕೆ ಕೆಡವು ಎಲ್ಲವೂ ಸೇರಿದ ಆ ಮಿಶ್ರ ಯುದ್ಧದವರಿಗೆ, ಚಡ್ಡಿ ಹೊಲಿಯಲು ಹೊರಟಿದ್ದೇಕೆ? ಊರು ನಾನಾ ಕಾರಣ ಹೇಳಿತು. ಕಮ್ಯೂನಿಯನ್ ಉಡುಪು ಈಗ ಯಾರೂ ಹೊಲಿಸುವುದಿಲ್ಲ ಎಂದರು. ಗಂಡಸಿಗೆ ಐವತ್ತು ದಾಟಿದರೆ ಹೀಗೇ, ಕೆಲವರು ಮೋಟರ್‌ಸೈಕಲ್ ಕೊಳ್ಳುತ್ತಾರೆ ಎಂದರು. ನಿಜವಾದ ಕಾರಣ ಹೊಳೆಯ ಆಚೆ ದಡದಲ್ಲಿತ್ತು. ಅದರ ಹೆಸರು ಡಿಂಪ್ನಾ ಟ್ಯಾನ್ಸಿ.

ಡಿಂಪ್ನಾ ಲಾಂಡ್ರಿ ನಡೆಸುತ್ತಿದ್ದಳು. ಗಂಡ ತೀರಿಹೋಗಿ ಹನ್ನೆರಡು ವರ್ಷವಾಗಿತ್ತು. ಚರ್ಚಿನ ಬಟ್ಟೆಗಳನ್ನು ಒಗೆಯಲು ಕೊಡುವ ಕೆಲಸವನ್ನು ಕೋಲ್ಮನ್ ತಾನಾಗಿಯೇ ಮೈಮೇಲೆ ಎಳೆದುಕೊಂಡಿದ್ದ. ಪ್ರತಿ ಗುರುವಾರ ಸೇತುವೆ ದಾಟಿ ಪಾದ್ರಿಯ ನಿಲುವಂಗಿಗಳನ್ನು ಒಯ್ಯುತ್ತಿದ್ದ. ಅಷ್ಟೇನೂ ಕೊಳೆಯಾಗದ ನಿಲುವಂಗಿಗಳನ್ನೂ ಒಯ್ಯುತ್ತಿದ್ದ. ಐರ್ಲೆಂಡಿನಲ್ಲೇ ಅತಿ ಬೆಳ್ಳಗಿನ ಪಾದ್ರಿ ಎಂದು ಫಾದರ್ ಲವೆಲ್‌ಗೆ ಹೆಸರು ಬಂದಿದ್ದು ಕೋಲ್ಮನ್ನನ ಈ ಒಳಗುದಿಯಿಂದ.

ಒಂದು ಗುರುವಾರ ಲಾಂಡ್ರಿಯ ಟಿವಿಯಲ್ಲಿ ಕಾದಾಟ ನಡೆಯುತ್ತಿತ್ತು. ಡಿಂಪ್ನಾ ಹೋಟೆಲ್ಲಿನ ಹಾಸಿಗೆ ಬಟ್ಟೆ ಮಡಿಸುತ್ತ ಹೇಳಿದಳು:

"ನೋಡು, ಇವರಾದ್ರೂ ಮನಸ್ಸಿನಲ್ಲಿ ಇರೋದನ್ನ ಈಚೆಗೆ ಹಾಕ್ತಾರೆ. ನಮ್ಮೂರ ಗಂಡಸರು ಇದಾರಲ್ಲ, ಮೋಡ ಮಳೆ ಬಿಟ್ಟು ಬೇರೆ ಮಾತೇ ಆಡಲ್ಲ."

ಹನ್ನೆರಡು ವರ್ಷದಿಂದ ಕಾಯುತ್ತಿದ್ದ ಬಾಗಿಲು ಅದು. ಕೋಲ್ಮನ್ ಗಂಟಲು ಸರಿಮಾಡಿಕೊಂಡ.

"ನಿಜ, ಮಿಸೆಸ್ ಟ್ಯಾನ್ಸಿ," ಎಂದ. "ಸಂಜೆ ಮಳೆ ಬರೋ ಹಾಗಿದೆ."

ಬಂತು ಕೂಡ. ಸಂಜೆಯವರೆಗೂ ಕಾಯಲಿಲ್ಲ, ಅವನು ಬಾಗಿಲು ದಾಟಿ ನಾಲ್ಕು ಹೆಜ್ಜೆ ಇಡುವುದರೊಳಗೆ ಸುರಿಯಿತು. ತೊಯ್ದು ತೊಪ್ಪೆಯಾಗಿ ವಾಪಸು ಓಡಿಬಂದವನ ಮೇಲೆ ಡಿಂಪ್ನಾ ಒಂದು ಟವೆಲ್ ಎಸೆದಳು. "ತಲೆ ಒರೆಸ್ಕೊ ಮಾರಾಯ, ನೆಲವೆಲ್ಲ ಒದ್ದೆ ಆಗ್ತಿದೆ. ನಾಳೆ ವಾಪಸ್ ತಂದುಕೊಡು."

ಆ ನಾಳೆ ಹನ್ನೊಂದು ತಿಂಗಳಾದರೂ ಬರಲಿಲ್ಲ. ಟವೆಲ್ ಕೊಟ್ಟುಬಿಟ್ಟರೆ ಇಬ್ಬರ ನಡುವೆ ಉಳಿಯುವುದೇನು, ಪಾದ್ರಿಯ ನಿಲುವಂಗಿಯೇ? ಟವೆಲಿಗೆ ಅವಳ ಲಾಂಡ್ರಿಯ ಸೋಪಿನ ವಾಸನೆಯಿತ್ತು. ಕೋಲ್ಮನ್ ಅದನ್ನು ಮಡಿಸಿ ಚರ್ಮದ ಕೈಚೀಲದಲ್ಲಿ ಇಟ್ಟುಕೊಂಡ. ಎಲ್ಲಿಗೆ ಹೋದರೂ ಜೊತೆಯಲ್ಲಿ ಒಯ್ಯುತ್ತಿದ್ದ. ಯಾವತ್ತಾದರೂ ಕೊಟ್ಟೇಬಿಡುವ ಧೈರ್ಯ ದಾರಿಯಲ್ಲಿ ಬಂದರೆ ಕೈಗೆ ಟವೆಲ್ ಇರಬೇಕಲ್ಲ.

ಮನಸ್ಸಿನಲ್ಲಿರುವುದನ್ನು ಬಾಯಿಂದ ಈಚೆಗೆ ಹಾಕಲಾರದವನು ಚಡ್ಡಿಯಿಂದ ಹಾಕಲು ನಿರ್ಧರಿಸಿದ್ದು ಹೀಗೆ. ತಾನು ಹೊಲಿದ ಚಡ್ಡಿ ಟಿವಿಯಲ್ಲಿ ಕಾಣಬೇಕು. ಹೊಳೆಯಾಚೆ ಹಾಸಿಗೆ ಬಟ್ಟೆ ಮಡಿಸುವ ಕೈ ಒಂದು ಗಳಿಗೆ ನಿಲ್ಲಬೇಕು. "ಅರೆ, ಇದು ನಮ್ಮ ಕೋಲ್ಮನ್ನನ ಹೊಲಿಗೆ ಅಲ್ವಾ" ಅನ್ನಬೇಕು. ಅವನ ಮಾರ್ಕೆಟಿಂಗ್ ಯೋಜನೆ ಪೂರ್ತಿ ಇಷ್ಟೇ. ದೇಶದ ಜನಸಂಖ್ಯೆ ಐವತ್ತು ಲಕ್ಷ, ಅವನ ಗಿರಾಕಿ ಒಬ್ಬಳು.

ಮನೆಯಲ್ಲಿ ಅಕ್ಕ ಅಟ್ರಾಕ್ಟಾ ಇದ್ದಳು. ಅಂಚೆ ಕಚೇರಿಯಿಂದ ನಿವೃತ್ತಿಯಾದವಳು. ಊರಿನ ಕಾಗದಗಳನ್ನೆಲ್ಲ ಓದದೆಯೇ ಓದಿದವಳು.

"ಜಾಹೀರಾತು ಎಲ್ಲೋ ಹಾಕ್ತೀಯ?" ಎಂದಳು.

"ಚರ್ಚಿನ ಬೋರ್ಡಿನಲ್ಲಿ, ಅಕ್ಕ. ಎಲ್ಲರೂ ನೋಡ್ತಾರೆ."

ಎಲ್ಲರೂ ನೋಡಿದರು. ಎಲ್ಲರಿಗಿಂತ ಮೊದಲು ನೋಡಿದ್ದು ಫಾದರ್ ಲವೆಲ್.

"ಕೋಲ್ಮನ್, 'ಕೊನೆಯ ಉಸಿರಿನವರೆಗೂ ಹರಿಯುವುದಿಲ್ಲ' ಅನ್ನೋದು ಒಳ್ಳೆಯ ಮಾತೇ. ಆದ್ರೆ ಅದನ್ನ ಹೋಗಿ ಹೋಗಿ ಮುದುಕ ಹಾನ್ಲನ್‌ನ ಶವಸಂಸ್ಕಾರದ ನೋಟೀಸಿನ ಕೆಳಗೇ ಅಂಟಿಸಬೇಕಿತ್ತಾ? ಅವನ ಹೆಂಡತಿ ಬಂದು, ಪೆಟ್ಟಿಗೆಯೊಳಗೆ ಚಡ್ಡಿ ಹಾಕೋದು ಹೊಸ ಪದ್ಧತಿಯಾ ಅಂತ ಕೇಳ್ತಿದಾಳೆ."

ಹೀಗೆ ಮಾರ್ಕೆಟಿಂಗ್ ಮಣ್ಣುಪಾಲಾಗುವ ಹೊತ್ತಿಗೆ ದೇವರು ಫಿಂಟನ್ ಗ್ಯಾವಿಗನ್‌ನನ್ನು ಕಳಿಸಿದ. ಫಿಂಟನ್ ಹಗಲು ಮನೆಗಳ ಮಾಡು ರಿಪೇರಿ ಮಾಡುತ್ತಿದ್ದ, ಸಂಜೆ ಮಂದಿಯ ಮುಖದ ಮಾಡು ಕೆಡಿಸುತ್ತಿದ್ದ. ಮುಂದಿನ ತಿಂಗಳು ಡಬ್ಲಿನ್ನಿನಲ್ಲಿ ಅವನ ಕಾದಾಟವಿತ್ತು, ಟಿವಿಯಲ್ಲೂ ಬರುವುದಿತ್ತು. ಅವನ ತರಬೇತುದಾರ ಕ್ವರ್ಕ್, ಮೂಗು ಮೂರು ಕಡೆ ತಿರುಗಿದ್ದ ಮನುಷ್ಯ, ನಿಯಮ ಹೇಳಿದ.

"ನೋಡು ಗ್ರೆನನ್, ಪಂಜರದೊಳಗೆ ಸಂಘಟಕರು ಕೊಟ್ಟ ಚಡ್ಡೀನೇ ಹಾಕ್ಬೇಕು. ನಿನ್ನ ಚಡ್ಡಿಗೆ ಸಿಗೋದು ಹಿಂದಿನ ದಿನ, ತೂಕ ನೋಡುವಾಗ. ತಕ್ಕಡಿ ಮೇಲೆ ಅರ್ಧ ನಿಮಿಷ ನಿಲ್ತಾನೆ. ಕ್ಯಾಮೆರಾಗಳೆಲ್ಲ ಅಲ್ಲೇ ಇರ್ತವೆ."

"ಅರ್ಧ ನಿಮಿಷ ಸಾಕು," ಎಂದ ಕೋಲ್ಮನ್. ಹನ್ನೆರಡು ವರ್ಷ ಗುರುವಾರಕ್ಕೆ ನಾಲ್ಕು ನಿಮಿಷದಂತೆ ಬದುಕಿದವನಿಗೆ ಅರ್ಧ ನಿಮಿಷವೆಂದರೆ ಹಬ್ಬ.

ಫಿಂಟನ್ ಅಳತೆ ಕೊಡಲು ಬಂದ. ಕೋಲ್ಮನ್ ಟೇಪು ಹಿಡಿದು, "ಕಾಲು ಎಷ್ಟು ಎತ್ತರಕ್ಕೆ ಎತ್ತುತ್ತೀರಿ?" ಎಂದು ಕೇಳಿದ. ಫಿಂಟನ್ ಎತ್ತಿ ತೋರಿಸಿದ. ಕಿಟಕಿಯ ಗೊಂಬೆಯ ಮುಸುಕು ಹಾರಿ ಬೀದಿಗೆ ಬಿತ್ತು. "ಸಾಕು, ಬರ್ಕೊಂಡೆ," ಎಂದ ಕೋಲ್ಮನ್.

ಮೂರು ವಾರ ಆ ಚಡ್ಡಿ ಹೊಲಿದ. ಬರೀ ಚಡ್ಡಿಯಲ್ಲ, ಪ್ರೇಮಪತ್ರಕ್ಕೆ ಸೊಂಟಪಟ್ಟಿ ಹಾಕಿದ ಹಾಗಿತ್ತು. ಹಿಂಭಾಗದಲ್ಲಿ ಬೆಳ್ಳಿ ದಾರದಲ್ಲಿ 'ಸೆಕೆಂಡ್ ರೌಂಡ್' ಎಂದು ಕಸೂತಿ. ಒಳಗೆ ಕಮ್ಯೂನಿಯನ್ ಉಡುಪಿನ ರೇಷ್ಮೆ ಅಸ್ತರಿ. ಕೊನೆಗೆ ಅಂಚು ಮಡಿಸುವಾಗ ಅವನ ಕೈ ತನ್ನಷ್ಟಕ್ಕೆ ಒಂದು ಕೆಲಸ ಮಾಡಿತು. ಅವನ ತಾಯಿ ಕಲಿಸಿದ ಪಾಠ: ಕಮ್ಯೂನಿಯನ್ ದಿನ ಚರ್ಚಿನ ಮೆಟ್ಟಿಲ ಮೇಲೆ ಗಾಳಿ ಬೀಸುತ್ತದೆ, ಹುಡುಗಿಯರ ಉಡುಪು ಹಾರಬಾರದು, ಹಾಗಾಗಿ ಅಂಚಿನೊಳಗೆ ಸೀಸದ ಬಿಲ್ಲೆ ಇಟ್ಟು ಹೊಲಿಯಬೇಕು. "ಬಟ್ಟೆ ಹಾರಿದರೆ ಮಾನ ಹಾರಿದ ಹಾಗೆ," ಅನ್ನುತ್ತಿದ್ದಳು ಆಕೆ. ಕಾಲಿಗೆರಡರಂತೆ ನಾಲ್ಕು ಬಿಲ್ಲೆ ಕೂತವು. ಕೋಲ್ಮನ್ ಚಡ್ಡಿಯನ್ನು ಎತ್ತಿ ಹಿಡಿದು ನೋಡಿದ. ಎಷ್ಟು ಗಂಭೀರವಾಗಿ ಇಳಿಬಿದ್ದಿತ್ತೆಂದರೆ ಅದಕ್ಕೆ ದೀಕ್ಷೆ ಕೊಡಬಹುದಿತ್ತು.

ತೂಕದ ದಿನ ಡಬ್ಲಿನ್ನಿನ ಹೋಟೆಲ್ಲಿನಲ್ಲಿ ಜನವೋ ಜನ. ಕೋಲ್ಮನ್ ಭಾನುವಾರದ ಸೂಟು ತೊಟ್ಟು, ಕೈಚೀಲ ಹಿಡಿದು ತಕ್ಕಡಿಯ ಪಕ್ಕವೇ ನಿಂತಿದ್ದ. ಅತ್ಲೋನಿನಲ್ಲಿ ಲಾಂಡ್ರಿಯ ಟಿವಿ ಹಾಕಿರುವಂತೆ ಅಕ್ಕನಿಂದ ಹೇಳಿಸಿದ್ದ. ಫಿಂಟನ್ ತೂಕ ಮಿತಿಯೊಳಗೆ ಇರಲೆಂದು ಹಿಂದಿನ ದಿನದಿಂದ ಒಂದು ತೊಟ್ಟು ನೀರು ಕುಡಿದಿರಲಿಲ್ಲ. ಕೆನ್ನೆ ಒಳಗೆ ಹೋಗಿತ್ತು, ನಾಲಿಗೆ ಬಿಸ್ಕತ್ತಿನ ಹಾಗಾಗಿತ್ತು. ಅವನು ಪ್ಯಾಂಟು ತೆಗೆದ. ಚಡ್ಡಿ ಹೊಳೆಯಿತು. ಕೋಲ್ಮನ್ನನ ಕಣ್ಣು ತುಂಬಿ ಬಂತು. ಫಿಂಟನ್ ತಕ್ಕಡಿ ಹತ್ತಿದ. ಇನ್ನೇನು ಕ್ಯಾಮೆರಾದ ಕಡೆಗೆ ಬೆನ್ನು ತಿರುಗಿಸಬೇಕು, ಅಧಿಕಾರಿ ಹೇಳಿದ:

"ನೂರ ಎಂಬತ್ತು ಗ್ರಾಂ ಜಾಸ್ತಿ."

"ಆಗೋದೇ ಇಲ್ಲ," ಎಂದ ಕ್ವರ್ಕ್. "ಬೆಳಿಗ್ಗೆ ನಾನೇ ನೋಡಿದೀನಿ. ಸರಿಯಾಗಿತ್ತು."

"ಬೆಳಿಗ್ಗೆ ಏನು ಹಾಕಿದ್ದ?"

"ಏನೂ ಇಲ್ಲ."

"ಹಾಗಾದ್ರೆ ಈಗಲೂ ಏನೂ ಬೇಡ."

ಇದು ಆ ಲೋಕದ ಪದ್ಧತಿ. ತೂಕ ಕೂದಲೆಳೆಯಷ್ಟು ಹೆಚ್ಚಾದರೆ ಸುತ್ತ ಟವೆಲ್ ಹಿಡಿಯುತ್ತಾರೆ, ಕಾದಾಳು ಹುಟ್ಟಿದಾಗ ಇದ್ದ ಹಾಗೆ ಮತ್ತೊಮ್ಮೆ ಹತ್ತುತ್ತಾನೆ. ಕ್ವರ್ಕ್ ತಿರುಗಿ, "ಬಿಚ್ಚೋ," ಎಂದ.

"ಬಿಚ್ಚಬೇಡಿ," ಎಂದ ಕೋಲ್ಮನ್. "ದಯವಿಟ್ಟು. ಕೂದಲು ಕತ್ತರಿಸೋಣ. ನನ್ನ ಹತ್ರ ಕತ್ತರಿ ಇದೆ."

"ನೂರ ಎಂಬತ್ತು ಗ್ರಾಂ ಕೂದಲು ಅವನಪ್ಪನ ತಲೇಲೂ ಇರಲಿಲ್ಲ. ಟವೆಲ್ ಎಲ್ಲಿ? ಯಾರ ಹತ್ರ ಟವೆಲ್ ಇದೆ?"

ಯಾರ ಹತ್ತಿರವೂ ಇರಲಿಲ್ಲ. ಟವೆಲ್ ತರಲು ಓಡಿದವನು ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದ.  ಅಧಿಕಾರಿ ಗಡಿಯಾರ ನೋಡಿದ. ಕೋಲ್ಮನ್ ಕೈಚೀಲವನ್ನು ಎದೆಗೆ ಅವುಚಿಕೊಂಡ. ಒಳಗಿನ ಟವೆಲನ್ನು ಹನ್ನೊಂದು ತಿಂಗಳಿಂದ ತನ್ನ ಮುಖಕ್ಕೂ ತಾಗಿಸಿರಲಿಲ್ಲ. ತಾಗಿಸಿದರೆ ವಾಸನೆ ಸವೆದೀತೆಂದು ದೂರದಿಂದಲೇ ಮೂಸುತ್ತಿದ್ದ. ಆದರೆ ನೀರಿಲ್ಲದೆ ಬಾಡಿದ ಮನುಷ್ಯ ಎದುರಿಗೆ ನಿಂತಿದ್ದ. ಬಾಯಾರಿಕೆ ಎಂದರೇನೆಂದು ಕೋಲ್ಮನ್ನನಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನು ಚೀಲ ತೆರೆದ.

ಟವೆಲಿನ ಒಂದು ತುದಿ ಅವನು ಹಿಡಿದ, ಇನ್ನೊಂದು ತುದಿ ಕ್ವರ್ಕ್ ಹಿಡಿದ. ಬಾಲ್ಯದಲ್ಲಿ ಸನ್ಯಾಸಿನಿಯರು ಕಲಿಸಿದ್ದಂತೆ ಕೋಲ್ಮನ್ ಕಣ್ಣು ಬಿಗಿಯಾಗಿ ಮುಚ್ಚಿ ಮುಖವನ್ನು ಆಕಾಶಕ್ಕೆ ಎತ್ತಿದ. ಚಡ್ಡಿ ಕೆಳಗೆ ಬಿತ್ತು. ಠಣ್ ಎಂದಿತು.

ಕ್ವರ್ಕ್ ಕೆಳಗೆ ನೋಡಿದ. "ಗ್ರೆನನ್, ನಿನ್ನ ಚಡ್ಡಿ ಶಬ್ದ ಮಾಡ್ತು."

"ಬಿಲ್ಲೆಗಳು," ಎಂದ ಕೋಲ್ಮನ್, ಕಣ್ಣು ತೆರೆಯದೆ. "ಗಾಳಿಗೆ ಹಾರಬಾರದು ಅಂತ."

ಫಿಂಟನ್‌ನ ತೂಕ ಸರಿಯಾಯಿತು. ಅರ್ಧ ನಿಮಿಷ ದೇಶವೆಲ್ಲ ಕಂಡದ್ದು ಇಷ್ಟು: ಮೇಲೆ ಒಬ್ಬ ಬರಿಮೈ ಕಾದಾಳು, ಪಕ್ಕದಲ್ಲಿ ಸ್ವರ್ಗಾರೋಹಣಕ್ಕೆ ಕಾದಿರುವಂತೆ ಸೂಟು ತೊಟ್ಟ ಒಬ್ಬ ಗೃಹಸ್ಥ, ನಡುವೆ ಟವೆಲಿನ ಮೇಲೆ ಅಗಲವಾಗಿ, ಒಂದು ಸುಕ್ಕೂ ಇಲ್ಲದೆ, ನೀಲಿ ಅಕ್ಷರದಲ್ಲಿ: 'ಟ್ಯಾನ್ಸಿ ಲಾಂಡ್ರಿ, ಅತ್ಲೋನ್. ಯಾವ ಕಲೆಯೂ ಉಳಿಯುವುದಿಲ್ಲ.'

ಕೋಲ್ಮನ್ನನ ಕಲೆಯೂ ಉಳಿಯಲಿಲ್ಲ. ಮರುದಿನ ಫಿಂಟನ್ ಸಂಘಟಕರ ಚಡ್ಡಿ ತೊಟ್ಟು, ಎದುರಾಳಿಯನ್ನು ಮೊದಲನೇ ಸುತ್ತಿನಲ್ಲೇ ಮಲಗಿಸಿ, 'ಸೆಕೆಂಡ್ ರೌಂಡ್' ಎಂಬ ಹೆಸರಿನ ಅಗತ್ಯವನ್ನೂ ತೀರಿಸಿಬಿಟ್ಟ.

ಭಾನುವಾರ ಪೂಜೆ ಮುಗಿದ ಮೇಲೆ ಊರೆಲ್ಲ ಚರ್ಚಿನ ಅಂಗಳದಲ್ಲಿ ಡಿಂಪ್ನಾಳ ಸುತ್ತ ಸೇರಿತು.

"ಏನು ತಲೆ ಡಿಂಪ್ನಾ ನಿನ್ನದು. ಟಿವಿಯವರಿಗೇ ಗೊತ್ತಾಗದ ಹಾಗೆ ಜಾಹೀರಾತು."

"ಕೋಲ್ಮನ್ನನ್ನ ಯಾವಾಗ ಕೆಲಸಕ್ಕೆ ಇಟ್ಕೊಂಡೆ? ಆ ಮುಖ ಎಲ್ಲಿಂದ ಹುಡುಕಿದೆ, ಕರಗಿದ ಮೇಣದ ಬತ್ತಿ ಹಾಗಿತ್ತು."

ಡಿಂಪ್ನಾ ಅಂಗಳದ ಆಚೆ ತುದಿಯಲ್ಲಿ ಗೋರಿಯ ಕಲ್ಲೊಂದರ ಹಿಂದೆ ಅಡಗಿದ್ದ ಕೋಲ್ಮನ್ನನ ಕಡೆ ಒಮ್ಮೆ ನೋಡಿದಳು, ಅಷ್ಟೆ. ಸೋಮವಾರದಿಂದ ಲಾಂಡ್ರಿಯ ಫೋನು ಬಾಯಿ ಮುಚ್ಚಲಿಲ್ಲ. ಕಾರ್ಕ್, ಗಾಲ್ವೇ, ಬೆಲ್‌ಫಾಸ್ಟ್, ಎಲ್ಲೆಲ್ಲಿಯ ಜಿಮ್ಮಿನವರಿಗೂ ಆ ಟವೆಲೇ ಬೇಕು. ಚಡ್ಡಿಯ ಬಗ್ಗೆ ಒಬ್ಬ ವಿಚಾರಿಸಿದ. ಅವನು ಮೀನು ಹಿಡಿಯುವವನು, ಗಾಳಕ್ಕೆ ಕಟ್ಟಲು ಸೀಸದ ಬಿಲ್ಲೆ ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿದ.

ಬುಧವಾರ ಊರಿನ ರೇಡಿಯೋದವರು ಕರೆದರು. ಕೋಲ್ಮನ್ ಎರಡು ಪುಟ ಬರೆದುಕೊಂಡು ಹೋದ, ಅಸ್ತರಿಯ ಬಗ್ಗೆ, ಕಸೂತಿಯ ಬಗ್ಗೆ. ನಿರೂಪಕಿ ನೇರ ವಿಷಯಕ್ಕೆ ಬಂದಳು.

"ಮಿಸ್ಟರ್ ಗ್ರೆನನ್, ಕೇಳುಗರಿಗೆ ಒಂದೇ ಕುತೂಹಲ. ಆ ಟವೆಲ್ ನಿಮ್ಮ ಚೀಲದೊಳಗೆ ಹೇಗೆ ಬಂತು?"

ರೇಡಿಯೋದಲ್ಲಿ ಮೌನಕ್ಕೆ ಮುಖ ಇರುವುದಿಲ್ಲ, ಹಾಗಾಗಿ ಅದು ಇನ್ನೂ ದೊಡ್ಡದಾಗಿ ಕೇಳಿಸುತ್ತದೆ. ಹನ್ನೊಂದು ಸೆಕೆಂಡು ಅತ್ಲೋನ್ ಊರು ಕೆಲಸ ಬಿಟ್ಟು ಕಿವಿಗೊಟ್ಟಿತು. ಮಾಂಸದ ಅಂಗಡಿಯವನ ಕತ್ತಿ ಮೇಲೆಯೇ ನಿಂತಿತು.

"ಮಳೆ ಬಂದಿತ್ತು," ಎಂದ ಕೋಲ್ಮನ್.

"ಯಾವಾಗ?"

"ಹೋದ ವರ್ಷ ಜುಲೈ. ಒಂಬತ್ತನೇ ತಾರೀಖು. ನಾಲ್ಕೂ ಇಪ್ಪತ್ತಕ್ಕೆ."

ಅವನು ಮನೆಗೆ ಬಂದಾಗ ಅಟ್ರಾಕ್ಟಾ ಹಿತ್ತಿಲಿನಲ್ಲಿದ್ದಳು. ದಾರದ ಮೇಲೆ ಟವೆಲ್ ತೂಗುತ್ತಿತ್ತು.

"ಅಕ್ಕ, ಏನು ಮಾಡಿದೆ?"

"ಒಗೆದೆ. ಡಬ್ಲಿನ್ನಿನ ಬೆತ್ತಲೆ ಗಂಡಸಿನ ಮುಂದೆ ಹಿಡಿದ ಬಟ್ಟೆ ಕಣೋ ಅದು. ಎರಡು ಸಲ ಕುದಿಸಿದೆ. ಗಂಜಿಯನ್ನೂ ಹಾಕಿದೀನಿ. ತಗೊಂಡು ಹೋಗಿ ಆ ಹೆಂಗಸಿಗೆ ಕೊಟ್ಟು ಬಾ. ಜುಲೈ ಒಂಬತ್ತಂತೆ, ನಾಲ್ಕೂ ಇಪ್ಪತ್ತಂತೆ. ನನ್ನ ಹುಟ್ಟಿದ ದಿನ ಯಾವತ್ತು ಹೇಳು ನೋಡೋಣ."

ಕೋಲ್ಮನ್ ಟವೆಲಿಗೆ ಮೂಗು ತಾಗಿಸಿದ. ಬರೀ ಗಾಳಿಯ ವಾಸನೆ ಬಂತು. ಹನ್ನೊಂದು ತಿಂಗಳು ಎರಡು ಕುದಿಯಲ್ಲಿ ಹೋಗಿತ್ತು.

ಗುರುವಾರ ಸೇತುವೆ ದಾಟಿದ. ಡಿಂಪ್ನಾ ಟವೆಲನ್ನು ಕೈಗೆ ತೆಗೆದುಕೊಂಡು ಮೂಸಿದಳು. ತಟ್ಟಿದಳು. ಗಂಜಿ ಹಾಕಿದ್ದರಿಂದ ಅದು ಬಾಗಿಲಿನ ಹಾಗೆ ಶಬ್ದ ಮಾಡಿತು.

"ಇದೇನು ತಂದಿದೀಯ?"

"ನಿಮ್ಮ ಟವೆಲ್, ಮಿಸೆಸ್ ಟ್ಯಾನ್ಸಿ. ತಡ ಆಯ್ತು."

"ನಾನು ಕೊಟ್ಟಿದ್ದು ತಲೆ ಒರೆಸ್ಕೊಳ್ಳೋಕೆ. ವಾಪಸ್ ಬರಬೇಕಾದ್ದು ಒದ್ದೆಯಾಗಿ. ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿದ ಟವೆಲನ್ನ ಲಾಂಡ್ರಿಯವಳು ತಗೊಂಡು ಏನು ಮಾಡಬೇಕು, ಹೇಳು? ನನಗೆ ಅವಮಾನ ಇದು." ಅವಳು ಟವೆಲನ್ನು ಅವನ ಕೈಗೇ ಹಾಕಿದಳು. "ಮಳೆ ಬರಲಿ. ತಲೆ ಒರೆಸ್ಕೊಂಡು, ಒದ್ದೆ ಟವೆಲ್ ತಾ. ಆವಾಗ ತಗೋತೀನಿ."

ಹೇಳಿ ಒಳಗೆ ಹೋದಳು. ಕೋಲ್ಮನ್ ಹೊರಗೆ ಬಂದು ಮೇಲೆ ನೋಡಿದ. ಒಂದು ಮೋಡವೂ ಇರಲಿಲ್ಲ.

ಯಾವ ಊರಿನಲ್ಲಿ ವಾರಕ್ಕೆ ಐದು ದಿನ ಮಳೆ, ಆರನೆಯ ದಿನ ತುಂತುರು, ಏಳನೆಯ ದಿನ ನಾಳೆಯ ಮಳೆಯ ಮಾತು ಇರುತ್ತದೋ, ಆ ಊರಿನಲ್ಲಿ ಅಂದಿನಿಂದ ಮಳೆ ನಿಂತಿತು. ಒಂದು ವಾರವಾಯಿತು, ಎರಡು ವಾರವಾಯಿತು. ಜನ ಅಂಗಿ ಬಿಚ್ಚಿ ಹೊಳೆಯ ದಡದಲ್ಲಿ ಮಲಗಿ, ಬೇಯಿಸಿದ ಏಡಿಯ ಬಣ್ಣಕ್ಕೆ ಬಂದರು. ಐಸ್‌ಕ್ರೀಂ ಮುಗಿದುಹೋಯಿತು. ಫಾದರ್ ಲವೆಲ್ ಸೂರ್ಯನಿಗಾಗಿ ಕೃತಜ್ಞತೆಯ ಪ್ರಾರ್ಥನೆ ಹೇಳಿದರು. ಊರಿಗೆಲ್ಲ ಹಬ್ಬವಾಗಿದ್ದರೆ ಕೋಲ್ಮನ್ ಒಬ್ಬನೇ ಹೊಸ್ತಿಲಲ್ಲಿ ನಿಂತು ಪಶ್ಚಿಮದ ಕಡೆ ನೋಡುತ್ತಿದ್ದ, ಹಡಗಿಗೆ ಹೋದ ಗಂಡನನ್ನು ಕಾಯುವ ಹೆಂಗಸಿನ ಹಾಗೆ. ತೋಳಿನ ಮೇಲೆ ಟವೆಲ್ ಇರುತ್ತಿತ್ತು. ಒಂದು ಸಲ ತಲೆಯ ಮೇಲೆ ಹನಿ ಬಿದ್ದಂತಾಯಿತು. ಅದು ಪಾರಿವಾಳ.

ಹದಿನೇಳನೆಯ ದಿನ ಪಾದ್ರಿಯ ಮನೆಗೆ ಹೋದ.

"ಫಾದರ್, ಒಂದು ವಿಶೇಷ ಪೂಜೆ ಹೇಳಬೇಕಿತ್ತು."

"ಯಾರು ತೀರಿಕೊಂಡರಪ್ಪ?"

"ಯಾರೂ ಇಲ್ಲ. ಮಳೆಗೆ."

ಫಾದರ್ ಲವೆಲ್ ಚಹಾದ ಬಟ್ಟಲು ಕೆಳಗಿಟ್ಟರು. "ಮೂವತ್ತೊಂದು ವರ್ಷ ಆಯ್ತು ನಾನು ಪಾದ್ರಿ ಆಗಿ. ಈ ದೇಶದಲ್ಲಿ ಮಳೆ ಬೇಕು ಅಂತ ಕೇಳಿದವನನ್ನ ಇವತ್ತೇ ನೋಡಿದ್ದು. ಹೊರಗಡೆ ಈ ಮಾತು ಆಡಬೇಡ. ಜನ ನಿನ್ನನ್ನ ಹೊಳೆಗೆ ಹಾಕ್ತಾರೆ." ಸ್ವಲ್ಪ ಹೊತ್ತು ಅವನ ತೋಳಿನ ಟವೆಲನ್ನು ನೋಡಿದರು. "ಒಂದು ಮಾತು, ಕೋಲ್ಮನ್. ನನ್ನ ನಿಲುವಂಗಿಗಳು ಹನ್ನೆರಡು ವರ್ಷದಿಂದ ಒಗೆದೂ ಒಗೆದೂ ಜಾಳಾಗಿ ಹೋಗಿವೆ. ಮೊನ್ನೆ ಪೂಜೆಯಲ್ಲಿ ಒಳಗಿನ ಬನಿಯನ್ ಕಾಣ್ತಿತ್ತಂತೆ. ದೇವರಿಗೆ ಬಿಟ್ಟ ಕೆಲಸ ಬೇರೆ, ಮನುಷ್ಯನೇ ಮಾಡಬೇಕಾದ್ದು ಬೇರೆ. ಹೋಗು."

ಅಷ್ಟರಲ್ಲಿ ನೀರು ಕಡಿಮೆಯಾಗಿ ಸರ್ಕಾರದ ಆಜ್ಞೆಯೂ ಬಂದಿತ್ತು: ತೋಟಕ್ಕೆ ಪೈಪು ಹಿಡಿದು ನೀರು ಬಿಡಬಾರದು. ಬಿಟ್ಟರೆ ಅಪರಾಧ. ಕೋಲ್ಮನ್ ಗ್ರೆನನ್ ಐವತ್ಮೂರು ವರ್ಷದಲ್ಲಿ ಲೈಬ್ರರಿಯ ಪುಸ್ತಕವನ್ನು ಸಹ ತಡವಾಗಿ ಕೊಟ್ಟವನಲ್ಲ. ಜೀವನದಲ್ಲಿ ಅವನು ವಾಪಸು ಕೊಡದೆ ಇಟ್ಟುಕೊಂಡದ್ದು ಒಂದೇ ವಸ್ತು.

ಮಧ್ಯಾಹ್ನ ಎರಡು ಗಂಟೆಗೆ, ಸುಡುವ ಬಿಸಿಲಿನಲ್ಲಿ, ಭಾನುವಾರದ ಸೂಟು ತೊಟ್ಟು ಹಿತ್ತಿಲಿಗೆ ಹೋದ. ಪೈಪನ್ನು ತಲೆಯ ಮೇಲೆ ಹಿಡಿದು ನಲ್ಲಿ ತಿರುಗಿಸಿದ. ಅಟ್ರಾಕ್ಟಾ ಅಡುಗೆಮನೆಯಿಂದ ಓಡಿ ಬಂದಳು.

"ಏನೋ ಇದು?"

"ಮಳೆ, ಅಕ್ಕ."

ಅವಳು ತಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. ಪಕ್ಕದ ಮನೆಯವರು ಬೇಲಿಯ ಮೇಲಿಂದ ಇಣುಕುತ್ತಿದ್ದರು. ಅಟ್ರಾಕ್ಟಾ ಮುಂದೆ ಬಂದು, ನಲ್ಲಿಯನ್ನು ಪೂರ್ತಿ ತಿರುಗಿಸಿದಳು. "ತುಂತುರು ಸಾಲದು ಕಣೋ. ಸರಿಯಾಗಿ ನೆನಿ."

ಕೋಲ್ಮನ್ ಸೇತುವೆಯ ಮೇಲೆ ನಡೆದ. ಬೂಟಿನೊಳಗೆ ಒಂದೊಂದು ಹೆಜ್ಜೆಗೂ ಪಚ್ ಪಚ್. ಐಸ್‌ಕ್ರೀಂ ಹಿಡಿದವರು ನಿಂತರು, ಕಾರುಗಳು ನಿಧಾನವಾದವು. ಕ್ವರ್ಕ್ ತನ್ನ ಜಿಮ್ಮಿನ ಬಾಗಿಲಲ್ಲಿ ನಿಂತು, ತೂಕದ ದಿನಕ್ಕೆ ನೀರು ಹೊರಹಾಕಬೇಕು ಮಾರಾಯ, ಒಳಗೆ ಹಾಕ್ಕೋಬಾರದು, ಎಂದ. ಸೇತುವೆಯ ನಡುವೆ ಪೊಲೀಸಿನವನು ಅಡ್ಡ ಬಂದ.

"ಕೋಲ್ಮನ್, ಪೈಪು ಬಳಸಿದೆಯಾ?"

"ಇಲ್ಲ ಸರ್. ಮಳೆ."

ಪೊಲೀಸಿನವನು ಆಕಾಶ ನೋಡಿದ. ಟವೆಲ್ ನೋಡಿದ. ಅವನೂ ಆ ಬುಧವಾರ ರೇಡಿಯೋ ಕೇಳಿದ್ದ. ದಂಡ ಬರೆಯುವ ಪುಸ್ತಕವನ್ನು ಜೇಬಿಗೆ ಹಾಕಿ, "ಬೇಗ ಹೋಗು. ಒಣಗಿಬಿಡ್ತೀಯ," ಎಂದ.

ಲಾಂಡ್ರಿಯ ಬಾಗಿಲಿಗೆ ಬರುವ ಹೊತ್ತಿಗೆ ಕೋಲ್ಮನ್ನನ ಹಿಂದೆ ಅರ್ಧ ಊರಿತ್ತು. ಅವನು ತಲೆ ಒರೆಸಿಕೊಂಡ. ಒದ್ದೆ ಟವೆಲನ್ನು ಎರಡು ಕೈಯಲ್ಲಿ ಮುಂದೆ ಹಿಡಿದ. ಈ ಸಲ ಕಣ್ಣು ತೆರೆದೇ ಇತ್ತು. ಡಿಂಪ್ನಾ ಹಾಸಿಗೆ ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಿದಳು. ಅವನ ಹಿಂದೆ ಕಣ್ಣು ಕುಕ್ಕುವ ಬಿಸಿಲು ಬಿದ್ದಿತ್ತು.

"ಜೋರು ಮಳೆಯಾ?" ಎಂದು ಕೇಳಿದಳು.

"ನಮ್ಮ ಹಿತ್ತಿಲಲ್ಲಿ ಮಾತ್ರ, ಡಿಂಪ್ನಾ."

ಅವಳು ಟವೆಲ್ ತೆಗೆದುಕೊಂಡು ಹಿಂಡಿದಳು. ನೀರು ಅವಳ ಕಾಲ ಬಳಿಯೇ ಸುರಿಯಿತು. ಅವನು ಮೋಡದ ಬಗ್ಗೆ ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

"ಇನ್ನು ಮೇಲೆ," ಎಂದ, "ಮಳೆ ಬರದಿದ್ರೂ ಬರ್ತೀನಿ."

ಡಿಂಪ್ನಾ ಬಾಗಿಲ ಹೊರಗೆ ಕತ್ತು ಚಾಚಿದ್ದ ಊರನ್ನು ಒಮ್ಮೆ ನೋಡಿ, 'ಮುಚ್ಚಿದೆ' ಅನ್ನುವ ಬೋರ್ಡನ್ನು ಆ ಕಡೆಗೆ ತಿರುಗಿಸಿದಳು.

"ಒಳಗೆ ಬಾ," ಎಂದಳು. "ನೆಲ ಒದ್ದೆ ಆದ್ರೆ ಆಗ್ಲಿ."